ಚೀಟಿಯಲ್ಲಿ ಬರೆದ ತಳಿ, ಕಂಬಿಯ ಹಿಂದಿನ ನಾಯಿ

ನಾಯಿಗಳ ಆಶ್ರಯಧಾಮದಲ್ಲಿ ಪ್ರತಿ ಗೂಡಿನ ಬಾಗಿಲಿಗೂ ಒಂದು ಚೀಟಿ ತೂಗುಹಾಕಿರುತ್ತಾರೆ. ಹೆಸರು, ಗಂಡೋ ಹೆಣ್ಣೋ, ಅಂದಾಜು ವಯಸ್ಸು, ಲಸಿಕೆ ಹಾಕಿದ ದಿನಾಂಕ, ಕೊನೆಗೆ ತಳಿ. ನಾನು ಮನೆಗೆ ತಂದ ಚುಕ್ಕಿಯ ಚೀಟಿಯಲ್ಲಿ ‘ಲ್ಯಾಬ್ರಡಾರ್ ಮಿಶ್ರ’ ಎಂದಿತ್ತು. ಕಪ್ಪು ಮೈ, ಜೋಲು ಕಿವಿ, ಎದೆಯ ಮೇಲೆ ಅಂಗೈಯಷ್ಟು ಬಿಳಿ ಮಚ್ಚೆ. ಲ್ಯಾಬ್ರಡಾರ್ ಎಂದು ಹೇಗೆ ಗೊತ್ತಾಯಿತು ಎಂದು ಗೂಡು ತೊಳೆಯುತ್ತಿದ್ದ ಹುಡುಗಿಯನ್ನು ಕೇಳಿದೆ. ‘ಇದರ ತಾಯಿಯನ್ನೂ ನಾವು ನೋಡಿಲ್ಲ, ತಂದೆಯನ್ನೂ ನೋಡಿಲ್ಲ. ಫಾರಂನಲ್ಲಿ ತಳಿ ಎಂಬ ಕಲಂ ಇದೆ, ಖಾಲಿ ಬಿಟ್ಟರೆ ಕಂಪ್ಯೂಟರ್ ಒಪ್ಪುವುದಿಲ್ಲ’ ಎಂದಳು.

ಮಿಶ್ರತಳಿಯ ನಾಯಿಯನ್ನು ದತ್ತು ಪಡೆಯಲು ಹೊರಟವರ ಗೊಂದಲ ಬಹುಪಾಲು ಆ ಒಂದು ಕಲಂನಿಂದಲೇ ಶುರುವಾಗುತ್ತದೆ. ಲ್ಯಾಬ್ರಡಾರ್ ಎಂದು ಓದಿದ ತಕ್ಷಣ ಮಕ್ಕಳ ಜೊತೆ ಚೆಂಡಾಡುವ ಸಾಧು ಪ್ರಾಣಿ ಕಣ್ಣ ಮುಂದೆ ಬರುತ್ತದೆ. ಶೆಪರ್ಡ್ ಎಂದರೆ ಕಾವಲು, ಟೆರಿಯರ್ ಎಂದರೆ ಹಟ. ಎದುರಿಗೆ ನಿಂತ ನಾಯಿಯನ್ನು ಬಿಟ್ಟು ಚೀಟಿಯೊಳಗಿನ ನಾಯಿಯನ್ನು ಮನೆಗೆ ಕರೆದುಕೊಂಡು ಹೋಗುತ್ತೇವೆ. ಮೂರು ವಾರ ಕಳೆದ ಮೇಲೆ ‘ಇದು ಲ್ಯಾಬ್ರಡಾರ್ ತರಹ ಇಲ್ಲವಲ್ಲ’ ಎಂದು ಬೇಸರಪಟ್ಟುಕೊಳ್ಳುತ್ತೇವೆ. ನಾಯಿ ಏನೂ ಮೋಸ ಮಾಡಿರುವುದಿಲ್ಲ.

ಕಣ್ಣು ಮೋಸಹೋಗುವುದಕ್ಕೆ ಕಾರಣ ನಾಯಿಯ ವಂಶವಾಹಿಗಳಲ್ಲೇ ಇದೆ. ನಾಯಿಗೆ 39 ಜೊತೆ ವರ್ಣತಂತುಗಳಿವೆ, ಅವುಗಳ ಮೇಲೆ ಸುಮಾರು ಇಪ್ಪತ್ತು ಸಾವಿರ ವಂಶವಾಹಿಗಳು. ನಮ್ಮ ಕಣ್ಣಿಗೆ ಬೀಳುವ ಹೊರರೂಪವನ್ನು ನಿರ್ಧರಿಸುವುದು ಅದರಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಕೂದಲು ಉದ್ದವೋ ಗಿಡ್ಡವೋ, ನೇರವೋ ಗುಂಗುರೋ, ಮುಖದ ಮೇಲೆ ಮೀಸೆ ಹುಬ್ಬುಗಳು ಪೊದೆಯಂತೆ ಬೆಳೆಯುತ್ತವೆಯೋ ಇಲ್ಲವೋ ಎಂಬ ವೈವಿಧ್ಯವನ್ನು ಬಹುಮಟ್ಟಿಗೆ ಮೂರೇ ವಂಶವಾಹಿಗಳು ವಿವರಿಸುತ್ತವೆ ಎಂದು 2009ರಲ್ಲಿ ಗೊತ್ತಾಯಿತು. ಡ್ಯಾಶ್‌ಹುಂಡ್‌ನಂತಹ ಕುಳ್ಳು ಕಾಲುಗಳ ಹಿಂದಿರುವುದು ಒಂದು ವಂಶವಾಹಿಯ ಹೆಚ್ಚುವರಿ ನಕಲು. ಕಪ್ಪು ಬಣ್ಣದ ವಿಷಯದಲ್ಲಂತೂ ತಂದೆ ತಾಯಿಯರಲ್ಲಿ ಒಬ್ಬರಿಂದ ಒಂದು ಪ್ರತಿ ಬಂದರೂ ಸಾಮಾನ್ಯವಾಗಿ ಮೈಯೆಲ್ಲ ಕಪ್ಪಾಗುತ್ತದೆ. ಹಾಗಾಗಿ ಮುತ್ತಜ್ಜನ ಕಾಲದ ಲ್ಯಾಬ್ರಡಾರ್ ಬಣ್ಣವನ್ನು ಮಾತ್ರ ದಾಟಿಸಿ ಉಳಿದೆಲ್ಲದರಲ್ಲಿ ಮಾಯವಾಗಿರಬಹುದು. ಲ್ಯಾಬ್ರಡಾರ್ ಆ ವಂಶದ ದಾರಿಯಲ್ಲಿ ಎಂದೂ ಹಾಯದೆಯೂ ಇರಬಹುದು.

ಇದನ್ನು ತೀರಾ ಹಿಂದೆಯೇ ಕಣ್ಣಾರೆ ಕಂಡವರು ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ಸಂಶೋಧಕರು. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ವರ್ಷಗಟ್ಟಲೆ ನಾಯಿಗಳನ್ನು ಸಾಕಿ, ಅಭ್ಯಾಸ ಮಾಡಿ, 1965ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಅವರು ಬಾಸೆಂಜಿ ಮತ್ತು ಕಾಕರ್ ಸ್ಪಾನಿಯಲ್ ತಳಿಗಳನ್ನು ಕೂಡಿಸಿದ್ದರು. ಒಂದು ನಿಮಿರಿದ ಕಿವಿಯ, ಸುರುಳಿ ಬಾಲದ, ಗಿಡ್ಡ ಕೂದಲಿನ ನಾಯಿ. ಇನ್ನೊಂದು ಉದ್ದ ಕಿವಿಯ, ರೇಷ್ಮೆಯಂತಹ ಕೂದಲಿನದು. ಹುಟ್ಟಿದ ಮರಿಗಳನ್ನು ಬೀದಿಯಲ್ಲಿ ಕಂಡರೆ ಈ ಎರಡು ತಳಿಗಳ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ. ಆ ಮರಿಗಳನ್ನೇ ಪರಸ್ಪರ ಕೂಡಿಸಿದಾಗ ಬಂದ ಮುಂದಿನ ತಲೆಮಾರಿನಲ್ಲಿ ಒಡಹುಟ್ಟಿದವು ಒಂದರಂತೆ ಒಂದಿರಲಿಲ್ಲ. ಎರಡೇ ತಳಿ, ತಂದೆ ತಾಯಿ ಇಬ್ಬರೂ ಗೊತ್ತು, ಆಗಲೇ ಹೀಗೆ. ಆಶ್ರಯಧಾಮಕ್ಕೆ ಬರುವ ಮರಿಗಳದ್ದು ಇನ್ನೂ ಗೋಜಲು, ಏಕೆಂದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರುವುದು ನಾಯಿಗಳಲ್ಲಿ ಸಾಧ್ಯ.

ಹಾಗಾದರೆ ದಿನವಿಡೀ ನಾಯಿಗಳ ನಡುವೆಯೇ ಇರುವವರ ಕಣ್ಣನ್ನಾದರೂ ನಂಬಬಹುದೇ? 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಅರಿಜೋನಾ ಮತ್ತು ಕ್ಯಾಲಿಫೋರ್ನಿಯಾದ ಎರಡು ಆಶ್ರಯಧಾಮಗಳ ಒಂಬೈನೂರಕ್ಕೂ ಹೆಚ್ಚು ನಾಯಿಗಳ ಡಿಎನ್ಎ ಪರೀಕ್ಷೆ ಮಾಡಿಸಿದ್ದರು. ಒಟ್ಟು 125 ತಳಿಗಳ ಸುಳಿವು ಸಿಕ್ಕಿತು. ಶುದ್ಧ ತಳಿಯೆನ್ನಬಹುದಾದ ನಾಯಿಗಳು ಶೇಕಡಾ 5ರ ಆಸುಪಾಸು ಮಾತ್ರ. ಉಳಿದವುಗಳಲ್ಲಿ ಸರಾಸರಿ ಮೂರು ತಳಿಗಳು ಸೇರಿಕೊಂಡಿದ್ದವು. ಸಿಬ್ಬಂದಿಯ ಊಹೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದಾಗ, ಒಂದಾದರೂ ತಳಿಯನ್ನು ಸರಿಯಾಗಿ ಹೇಳಿದ್ದು ಸುಮಾರು ಮೂರರಲ್ಲಿ ಎರಡು ಪಾಲು ನಾಯಿಗಳಿಗೆ. ಒಂದಕ್ಕಿಂತ ಹೆಚ್ಚು ತಳಿಯನ್ನು ಸರಿಯಾಗಿ ಹೇಳಿದ್ದು ಹತ್ತರಲ್ಲಿ ಒಂದಕ್ಕೆ. ಇದು ಸಿಬ್ಬಂದಿಯ ಅಸಡ್ಡೆಯಲ್ಲ. ಮೂರು ತಳಿ ಬೆರೆತ ನಾಯಿಯ ಮೈ ನೋಡಿ ಮೂರನ್ನೂ ಹೇಳುವುದು ಮಜ್ಜಿಗೆ ನೋಡಿ ಯಾವ ಹಸುವಿನ ಹಾಲು ಎಂದು ಹೇಳಿದ ಹಾಗೆ.

ಸರಿ, ಡಿಎನ್ಎ ಪರೀಕ್ಷೆ ಮಾಡಿಸಿ ತಳಿಯನ್ನು ಖಚಿತವಾಗಿ ತಿಳಿದುಕೊಂಡೆವು ಎನ್ನೋಣ. ಆಗಲಾದರೂ ಸ್ವಭಾವ ಗೊತ್ತಾಗುತ್ತದೆಯೇ? 2022ರ ಏಪ್ರಿಲ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಂಶವಾಹಿಗಳ ಸಂಶೋಧಕಿ ಎಲಿನಾರ್ ಕಾರ್ಲ್‌ಸನ್ ಅವರ ತಂಡ ಇದೇ ಪ್ರಶ್ನೆಯನ್ನು ಎತ್ತಿಕೊಂಡಿತ್ತು. ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಸಾಕಿದವರಿಂದಲೇ ಪ್ರಶ್ನಾವಳಿ ತುಂಬಿಸಿಕೊಂಡು, ಅದರಲ್ಲಿ 2,155 ನಾಯಿಗಳ ಡಿಎನ್ಎಯನ್ನು ಓದಿದರು. ನಾಯಿ ನಾಯಿಗಳ ನಡುವಿನ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇಕಡಾ 9. ಮಿಶ್ರತಳಿಯ ನಾಯಿಗಳಲ್ಲಿ ಲ್ಯಾಬ್ರಡಾರ್ ಪಾಲು ಎಷ್ಟಿದೆ ಎಂಬುದಕ್ಕೂ ಅದು ಮನುಷ್ಯರೊಡನೆ ಎಷ್ಟು ಬೆರೆಯುತ್ತದೆ ಎಂಬುದಕ್ಕೂ ಸಂಬಂಧವೇ ಕಾಣಲಿಲ್ಲ. ಚುಕ್ಕಿಯ ಚೀಟಿಯನ್ನು ನಂಬಿ ನಾನು ನಿರೀಕ್ಷಿಸಿದ್ದು ಅದನ್ನೇ!

ಹಾಗೆಂದು ತಳಿ ಎಂಬುದೇ ಸುಳ್ಳು ಎನ್ನುವ ಇನ್ನೊಂದು ತುದಿಗೂ ಹೋಗಬೇಕಾಗಿಲ್ಲ. ಹೇಳಿದ ಮಾತು ಕೇಳುವ ಗುಣ, ಊಳಿಡುವ ಚಾಳಿ ಇಂಥವುಗಳಲ್ಲಿ ತಳಿಯ ಪ್ರಭಾವ ಉಳಿದವಕ್ಕಿಂತ ಹೆಚ್ಚು. ಕುರಿ ಕಾಯಲೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ ನಾಯಿ ಓಡುವ ಮಕ್ಕಳ ಹಿಂದೆ ಸುತ್ತು ಹಾಕಿದರೆ ಅಚ್ಚರಿಯಿಲ್ಲ. ಆದರೆ ಅಚ್ಚರಿಯಿಲ್ಲ ಎಂಬುದಕ್ಕೂ ಖಾತರಿ ಎಂಬುದಕ್ಕೂ ಬಹಳ ಅಂತರವಿದೆ. ನಾಲ್ಕು ತಳಿ ಬೆರೆತಲ್ಲಿ ಆ ಅಂತರ ಇನ್ನೂ ದೊಡ್ಡದು.

ಇಲ್ಲಿ ಇನ್ನೊಂದು ಮಾತು. ಗುರುತಿಸಲಾಗದ ನಾಯಿಗಳೆಲ್ಲ ಮಿಶ್ರತಳಿಯೇ ಆಗಿರಬೇಕೆಂದಿಲ್ಲ. ಇಂದು ನಾವು ಹೆಸರಿಟ್ಟು ಕರೆಯುವ ತಳಿಗಳಲ್ಲಿ ಹೆಚ್ಚಿನವು ರೂಪುಗೊಂಡದ್ದು ಕಳೆದ ಇನ್ನೂರು ವರ್ಷಗಳಲ್ಲಿ. ತಳಿಗಳನ್ನು ನೋಂದಾಯಿಸುವ ಲಂಡನ್ನಿನ ಕೆನಲ್ ಕ್ಲಬ್ ಹುಟ್ಟಿದ್ದೇ 1873ರಲ್ಲಿ. ನಾಯಿ ಮನುಷ್ಯನ ಜೊತೆ ಬಂದು ಹದಿನೈದು ಸಾವಿರ ವರ್ಷವಾದರೂ ಆಗಿದೆ. ಏಷ್ಯಾ, ಆಫ್ರಿಕಾಗಳ ಎಷ್ಟೋ ಊರುನಾಯಿಗಳು ಯಾವ ತಳಿಯ ಬೆರಕೆಯೂ ಅಲ್ಲ, ತಳಿಗಳೆಂಬವು ಹುಟ್ಟುವ ಮೊದಲಿನಿಂದ ತಮ್ಮ ಪಾಡಿಗೆ ಬೆಳೆದುಬಂದ ಸಂತತಿಗಳು. ಅವುಗಳನ್ನು ‘ಯಾವುದರ ಮಿಶ್ರ’ ಎಂದು ಕೇಳುವುದು ಅಜ್ಜಿಯನ್ನು ನೋಡಿ ಮೊಮ್ಮಗಳ ಹಾಗೇ ಇದ್ದಾಳೆ ಎಂದಂತೆ.

ಆರೋಗ್ಯದ ವಿಷಯದಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ: ಬೆರಕೆ ನಾಯಿಗೆ ಕಾಯಿಲೆಯೇ ಬರುವುದಿಲ್ಲ. ಅರ್ಧ ನಿಜ. ಹತ್ತಿರದ ಸಂಬಂಧದಲ್ಲೇ ಕೂಡಿಸುತ್ತಾ ಬಂದ ತಳಿಗಳಲ್ಲಿ ದೋಷವಿರುವ ವಂಶವಾಹಿಯ ಎರಡು ಪ್ರತಿಗಳು ಒಂದೇ ಮರಿಯಲ್ಲಿ ಸೇರುವ ಸಂಭವ ಹೆಚ್ಚು. ಬೆರಕೆಯಲ್ಲಿ ಒಂದು ಪ್ರತಿ ಕೆಟ್ಟದ್ದಾದರೆ ಇನ್ನೊಂದು ಕೆಲಸ ನಿಭಾಯಿಸಿಕೊಳ್ಳುತ್ತದೆ. ಆದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 24 ಆನುವಂಶಿಕ ಕಾಯಿಲೆಗಳಿಗಾಗಿ ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು ನಾಯಿಗಳ ದಾಖಲೆ ತಿರುವಿಹಾಕಿ 2013ರಲ್ಲಿ ಹೇಳಿದ್ದು ಇದು: ಹತ್ತು ಕಾಯಿಲೆಗಳು ಶುದ್ಧ ತಳಿಗಳಲ್ಲಿ ಹೆಚ್ಚು, ಹದಿಮೂರರಲ್ಲಿ ಯಾವ ವ್ಯತ್ಯಾಸವೂ ಇಲ್ಲ, ಮೊಣಕಾಲಿನ ಅಸ್ಥಿರಜ್ಜು ಹರಿಯುವ ಒಂದು ತೊಂದರೆ ಮಾತ್ರ ಮಿಶ್ರತಳಿಗಳಲ್ಲೇ ಹೆಚ್ಚು. ಅಂದರೆ ಸೊಂಟದ ಕೀಲಿನ ದೋಷ, ಕೆಲವು ಬಗೆಯ ಕ್ಯಾನ್ಸರ್ ಇವೆಲ್ಲ ಬೆರಕೆ ಎಂದು ರಿಯಾಯಿತಿ ಕೊಡುವುದಿಲ್ಲ.

ಡಿಎನ್ಎ ಪರೀಕ್ಷೆಯಿಂದ ನಿಜವಾದ ಉಪಯೋಗವಿದ್ದರೆ ಅದು ಇಲ್ಲಿ. ಎಂಡಿಆರ್1 ಎಂಬ ವಂಶವಾಹಿಯಲ್ಲಿ ಒಂದು ದೋಷವಿದೆ, ಕುರಿ ಕಾಯುವ ಕೋಲಿ ಮತ್ತು ಅದರ ಬಳಗದ ನಾಯಿಗಳಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಅದಿರುವ ನಾಯಿಗೆ ಪರೋಪಜೀವಿಗಳನ್ನು ಕೊಲ್ಲಲು ಬಳಸುವ ಐವರ್ಮೆಕ್ಟಿನ್‌ನಂತಹ ಔಷಧಿಯನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಮಿದುಳಿಗೆ ನುಗ್ಗಿ ಪ್ರಾಣಕ್ಕೇ ಕುತ್ತು ತರುತ್ತದೆ. ಮೈಯಲ್ಲಿ ಕೋಲಿಯ ಚಹರೆ ಒಂದಿಷ್ಟೂ ಇಲ್ಲದ ಬೆರಕೆ ನಾಯಿಯಲ್ಲೂ ಇದು ಅಡಗಿರಬಹುದು. ಯಾರೋ ಹೇಳಿದರೆಂದು ಉಣ್ಣಿಗೆ, ಕಜ್ಜಿಗೆ ದನದ ಔಷಧಿಯನ್ನು ಅಳತೆಯಿಲ್ಲದೆ ಹಾಕುವವರು ಇದನ್ನು ನೆನಪಿಡಬೇಕು.

ತಳಿಯ ಕಥೆ ಇಷ್ಟು. ಆಶ್ರಯಧಾಮದಲ್ಲಿ ನಮ್ಮನ್ನು ದಾರಿ ತಪ್ಪಿಸುವ ಇನ್ನೊಂದು ಸಂಗತಿ ಆ ಜಾಗವೇ. ಇಪ್ಪತ್ತು ನಾಯಿಗಳು ಒಟ್ಟಿಗೆ ಬೊಗಳುವ ಕಡೆ, ತೊಳೆದ ಸಿಮೆಂಟ್ ನೆಲದ ಮೇಲೆ, ದಿನಕ್ಕೆ ನೂರು ಹೊಸ ಮುಖ ಕಾಣುತ್ತಾ ಬದುಕುವ ಪ್ರಾಣಿ ತನ್ನ ನಿಜ ಸ್ವಭಾವವನ್ನು ತೋರಿಸುವುದಾದರೂ ಹೇಗೆ? ಆಶ್ರಯಧಾಮಕ್ಕೆ ಬಂದ ಮೊದಲ ಮೂರು ದಿನ ನಾಯಿಗಳಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿರುತ್ತದೆ ಎಂದು 1990ರ ದಶಕದಲ್ಲೇ ಅಳೆದು ನೋಡಿದ್ದಾರೆ. ಒಂದೆರಡು ರಾತ್ರಿ ಯಾರದಾದರೂ ಮನೆಯಲ್ಲಿ ಮಲಗಲು ಬಿಟ್ಟರೆ ಆ ಮಟ್ಟ ಇಳಿಯುತ್ತದೆ, ಗೂಡಿಗೆ ಮರಳಿದ ಮೇಲೆ ಮೊದಲಿನ ಮಟ್ಟಕ್ಕೆ ಏರುತ್ತದೆ ಎಂದು 2019ರ ಇನ್ನೊಂದು ಅಧ್ಯಯನ ತೋರಿಸಿತು. ಕಂಬಿಗೆ ಹಾರಿ ಹಾರಿ ಬೊಗಳುವ ನಾಯಿ ಮನೆಯಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ಮಲಗಬಹುದು. ಮೂಲೆ ಹಿಡಿದು ಕೂತ ‘ಶಾಂತ’ ನಾಯಿ ಶಾಂತವಾಗಿರದೆ ಹೆದರಿ ಮರಗಟ್ಟಿರಬಹುದು. ತಟ್ಟೆಯ ಹತ್ತಿರ ಹೋದರೆ ಗುರ್ ಎನ್ನುವ ನಾಯಿಗಳಲ್ಲಿ ಎಷ್ಟೋ ಮನೆ ಸೇರಿದ ಮೇಲೆ ಹಾಗೆ ಮಾಡುವುದಿಲ್ಲ. ಕಸಿದುಕೊಳ್ಳುವವರು ಇಲ್ಲವೆಂದು ಗೊತ್ತಾದ ಮೇಲೆ ಕಾಯುವುದೇಕೆ?

ಆದ್ದರಿಂದ ಆಶ್ರಯಧಾಮದಲ್ಲಿ ನಡೆಸುವ ಹತ್ತು ನಿಮಿಷದ ಸ್ವಭಾವ ಪರೀಕ್ಷೆಗಿಂತ ನೋಡಿಕೊಳ್ಳುವವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಕಚೇರಿಯಲ್ಲಿ ಕೂತವರಿಗಿಂತ ಗೂಡು ತೊಳೆಯುವವರು, ಊಟ ಹಾಕುವವರು, ಬಾರು ಹಿಡಿದು ತಿರುಗಾಡಿಸುವವರು. ‘ಒಳ್ಳೆಯ ನಾಯಿಯೇ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಬೇರೆ ರೀತಿ ಕೇಳಬೇಕು. ಬೆಳಿಗ್ಗೆ ಬಾಗಿಲು ತೆರೆದಾಗ ಏನು ಮಾಡುತ್ತದೆ? ಗಂಡಸರನ್ನು ಕಂಡರೆ ಬೇರೆ ತರಹ ಇರುತ್ತದೆಯೇ? ಒಂಟಿಯಾಗಿ ಬಿಟ್ಟರೆ? ಇನ್ನೊಂದು ನಾಯಿ ಪಕ್ಕದಲ್ಲಿ ಹಾದುಹೋದರೆ? ಒಮ್ಮೆ ದತ್ತು ಹೋಗಿ ವಾಪಸು ಬಂದಿದೆಯೇ, ಬಂದಿದ್ದರೆ ಏನು ಕಾರಣ ಹೇಳಿದರು? ಸ್ವಲ್ಪ ದಿನ ಯಾರದಾದರೂ ಮನೆಯಲ್ಲಿ ಇದ್ದು ಬಂದ ನಾಯಿಯಾದರೆ ಆ ಮನೆಯವರ ಒಂದು ಫೋನ್ ಕರೆ ಚೀಟಿಯ ಎಲ್ಲ ಕಲಂಗಳಿಗಿಂತ ಮೇಲು.

ನೋಡಲು ಎರಡು ಸಲ ಹೋಗಿ, ಬೇರೆ ಬೇರೆ ಹೊತ್ತಿನಲ್ಲಿ. ನಾಯಿಯನ್ನು ಗೂಡಿನಿಂದ ಹೊರಗೆ, ಗದ್ದಲವಿಲ್ಲದ ಕಡೆಗೆ ಕರೆತರಲು ಹೇಳಿ. ಎದುರಿಗೆ ನಿಂತು ಬಾಗಿ ತಲೆ ಸವರಲು ಹೋಗಬೇಡಿ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು, ಕೈ ಮಡಿಲಲ್ಲಿಟ್ಟುಕೊಂಡು, ಬೇರೆಲ್ಲೋ ನೋಡುತ್ತಾ ಇರಿ. ಚುಕ್ಕಿ ಮೊದಲ ಸಲ ನನ್ನಿಂದ ಮೂರು ಮಾರು ದೂರ ನಿಂತು ಗಾಳಿ ಮೂಸಿತು. ನಾಲಿಗೆಯಿಂದ ಮೂಗು ಸವರಿಕೊಂಡಿತು, ಆಕಳಿಸಿತು, ಮೈ ಕೊಡವಿತು. ನಿದ್ದೆ ಬಂದಿದೆ ಪಾಪ ಎಂದುಕೊಂಡೆ. ಅದು ನಿದ್ದೆಯಲ್ಲ, ಮುಜುಗರ. ಹೊಸಬರ ಎದುರು ನಾಯಿ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು ಇವೆಲ್ಲ ‘ಸ್ವಲ್ಪ ದೂರ ಇರು’ ಎಂಬ ಮಾತುಗಳು. ಹತ್ತು ನಿಮಿಷವಾದ ಮೇಲೆ ಹಿಂಬದಿಯಿಂದ ಬಂದು ನನ್ನ ಮೊಣಕೈ ಮೂಸಿ ಹೋಯಿತು. ಎರಡನೆಯ ಭೇಟಿಯಲ್ಲಿ ಅದೇ ಕೆಲಸಕ್ಕೆ ಎರಡು ನಿಮಿಷ ತೆಗೆದುಕೊಂಡಿತು. ಹೆದರಿಕೆ ಇದೆಯೇ ಎಂಬುದಕ್ಕಿಂತ ಹೆದರಿಕೆಯಿಂದ ಎಷ್ಟು ಬೇಗ ಹೊರಬರುತ್ತದೆ ಎಂಬುದನ್ನು ನಾನು ನೋಡುವುದು.

ಬಾಲ ಅಲ್ಲಾಡಿದರೆ ಸಂತೋಷ ಎಂದೇನೂ ಅಲ್ಲ. ಮೈ ಪೂರಾ ಸಡಿಲವಾಗಿ ಬಳುಕುತ್ತಿದ್ದರೆ ಸಂತೋಷ. ಬಾಲ ಸೆಟೆದು ಮೇಲೆ ನಿಂತು ತುದಿ ಮಾತ್ರ ಬಿರುಸಾಗಿ ಅದುರುತ್ತಿದ್ದರೆ ಅದು ಬೇರೆಯೇ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ಮನುಷ್ಯರಿಗೆ ಬಿಟ್ಟುಬಿಡಿ, ನಾಯಿಗಳು ಅದನ್ನು ಕೇಳಿಲ್ಲ. ಗುರ್ ಎನ್ನುವುದಕ್ಕೆ ಮಾತ್ರ ಎಂದೂ ಹೊಡೆಯಬೇಡಿ. ಎಚ್ಚರಿಕೆ ಕೊಟ್ಟಿದ್ದಕ್ಕೆ ಪೆಟ್ಟು ತಿಂದ ನಾಯಿ ಮುಂದಿನ ಸಲ ಎಚ್ಚರಿಕೆ ಕೊಡದೆ ಬಾಯಿ ಹಾಕುವುದನ್ನು ಕಲಿಯುತ್ತದೆ.

ಮರಿಯೋ, ದೊಡ್ಡದೋ ಎಂದು ಕೇಳುವವರಿಗೆ ನನ್ನ ಉತ್ತರ ಯಾವಾಗಲೂ ಒಂದೇ. ಮೊದಲ ಸಲ ನಾಯಿ ಸಾಕುವವರು ಎರಡು ವರ್ಷ ದಾಟಿದ್ದನ್ನು ನೋಡಿ. ಮರಿ ಮುದ್ದಾಗಿರುತ್ತದೆ, ಒಪ್ಪುತ್ತೇನೆ. ಆದರೆ ಬೆರಕೆ ಮರಿ ಎಂದರೆ ಮುಚ್ಚಿದ ಲಕೋಟೆ. ಎಷ್ಟೆತ್ತರ ಬೆಳೆಯುತ್ತದೆ ಎಂಬುದೂ ಗೊತ್ತಿಲ್ಲ, ಪಂಜ ದಪ್ಪವಿದ್ದರೆ ದೊಡ್ಡದಾಗುತ್ತದೆ ಎಂಬ ಲೆಕ್ಕಾಚಾರ ಅಷ್ಟೇನೂ ನಂಬುವಂಥದ್ದಲ್ಲ. ಅದರ ಮೇಲೆ ಮೂರನೆಯ ವಾರದಿಂದ ಹನ್ನೆರಡು ಹದಿನಾಲ್ಕನೆಯ ವಾರದವರೆಗೆ ಮರಿ ಯಾರನ್ನು, ಏನನ್ನು ಕಾಣುತ್ತದೆಯೋ ಅದು ಜನ್ಮಪೂರ್ತಿ ಉಳಿಯುತ್ತದೆ. ಆ ಹೊತ್ತಿನಲ್ಲಿ ಮನುಷ್ಯರ ಕೈ ಸೋಕದ ಮರಿ ಮುಂದೆ ಎಷ್ಟು ಪ್ರೀತಿ ಕೊಟ್ಟರೂ ಅಪರಿಚಿತರಿಗೆ ಅಂಜಬಹುದು. ದೊಡ್ಡ ನಾಯಿಯಲ್ಲಿ ಇದೆಲ್ಲ ಆಗಿಹೋಗಿ ಫಲಿತಾಂಶ ನಿಮ್ಮ ಮುಂದೆ ನಿಂತಿರುತ್ತದೆ. ವಯಸ್ಸನ್ನು ಮಾತ್ರ ಚೀಟಿಯಲ್ಲಿದ್ದಂತೆ ನಂಬಬೇಡಿ. ಆರೇಳು ತಿಂಗಳಿಗೆ ಹಾಲುಹಲ್ಲು ಹೋಗಿ ಪೂರಾ ಹಲ್ಲು ಬಂದ ಮೇಲೆ ಹಲ್ಲು ನೋಡಿ ವಯಸ್ಸು ಹೇಳುವುದೆಲ್ಲ ಅಂದಾಜೇ.

ಮನೆಗೆ ತರುವ ದಿನ ಎಲ್ಲರೂ ಸಂಭ್ರಮಿಸುತ್ತಾರೆ, ನಾಯಿಯೊಂದನ್ನು ಬಿಟ್ಟು. ಹೊಸ ನಾಯಿ ಹೆಚ್ಚಾಗಿ ಕಳೆದುಹೋಗುವುದು ಇದೇ ಮೊದಲ ದಿನಗಳಲ್ಲಿ, ಗೇಟು ತೆರೆದ ಒಂದು ಗಳಿಗೆಯಲ್ಲಿ. ಅದಕ್ಕಿನ್ನೂ ನಿಮ್ಮ ಮನೆ ತನ್ನ ಮನೆಯಲ್ಲ, ನೀವಿಟ್ಟ ಹೆಸರು ತನ್ನ ಹೆಸರಲ್ಲ, ಕರೆದರೆ ಯಾರನ್ನೋ ಕರೆದ ಹಾಗೆ. ಫೋನ್ ಸಂಖ್ಯೆ ಬರೆದ ಕೊರಳಪಟ್ಟಿಯನ್ನು ಕಾರು ಹತ್ತುವ ಮೊದಲೇ ಹಾಕಿ. ಕೊರಳಪಟ್ಟಿಗೊಂದು, ಎದೆಪಟ್ಟಿಗೊಂದು ಎಂದು ಎರಡು ಬಾರು ಕಟ್ಟಿ, ಹೆದರಿ ಹಿಂದಕ್ಕೆ ಜಗ್ಗುವ ನಾಯಿ ಕೊರಳಪಟ್ಟಿಯಿಂದ ತಲೆ ಹೊರತೆಗೆಯುವುದು ಕ್ಷಣದ ಕೆಲಸ. ಸ್ನಾನ ಇನ್ನೊಂದು ದಿನವಾಗಲಿ. ನೆಂಟರಿಷ್ಟರು ಎರಡು ವಾರ ತಡೆದು ಬರಲಿ. ಆಶ್ರಯಧಾಮದಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಕೊಟ್ಟು ವಾರದಲ್ಲಿ ನಿಧಾನವಾಗಿ ಬದಲಿಸಿ. ಮನೆಯಲ್ಲಿ ಬೇರೆ ನಾಯಿ ಇದ್ದರೆ ಎರಡನ್ನೂ ಮೊದಲು ಹೊರಗೆ, ಯಾರ ಮನೆಯೂ ಅಲ್ಲದ ಜಾಗದಲ್ಲಿ, ನಡುವೆ ಅಂತರವಿಟ್ಟು ಒಟ್ಟಿಗೆ ನಡೆಸಿ. ಹಾಗೆ ಭೇಟಿ ಮಾಡಿಸುವ ಮುನ್ನವೇ ಪಶುವೈದ್ಯರಿಗೆ ತೋರಿಸಿಬಿಡಿ, ಏಕೆಂದರೆ ಪಾರ್ವೊ, ಡಿಸ್ಟೆಂಪರ್‌ನಂತಹ ಸೋಂಕುಗಳು ತಗಲಿ ದಿನಗಳಾದ ಮೇಲೆ ಕಾಣಿಸಿಕೊಳ್ಳುತ್ತವೆ. ಗೂಡಿನಲ್ಲಿ ಚೆನ್ನಾಗಿದ್ದ ನಾಯಿ ಮನೆಗೆ ಬಂದ ಐದನೆಯ ದಿನ ಕೆಮ್ಮತೊಡಗುವುದು ಅಪರೂಪವೇನಲ್ಲ. ರೇಬೀಸ್ ಲಸಿಕೆಯ ದಾಖಲೆ ಕೈಯಲ್ಲಿರಲಿ, ಇಲ್ಲವಾದರೆ ಮತ್ತೆ ಹಾಕಿಸಿ.

ಚುಕ್ಕಿ ಬಂದ ದಿನ ನೇರವಾಗಿ ಊಟದ ಮೇಜಿನ ಕೆಳಗೆ ಹೋಗಿ ಕೂತಿತು. ನಾಲ್ಕು ದಿನ ಅಲ್ಲೇ. ನಾವು ಮಲಗಿದ ಮೇಲೆ ತಟ್ಟೆ ಖಾಲಿಯಾಗಿರುತ್ತಿತ್ತು. ಐದನೆಯ ರಾತ್ರಿ ನೀರು ಕುಡಿಯಲು ಎದ್ದಾಗ ಕತ್ತಲಲ್ಲಿ ನನ್ನ ಕಾಲಿಗೆ ತಣ್ಣನೆಯ ಮೂಗು ತಾಗಿತು. ನಾಯಿ ಸಾಕುವವರ ನಡುವೆ ಮೂರರ ಲೆಕ್ಕ ಎಂಬುದೊಂದು ರೂಢಿಯಲ್ಲಿದೆ: ಗಾಬರಿ ಇಳಿಯಲು ಮೂರು ದಿನ, ದಿನಚರಿ ಅರ್ಥವಾಗಲು ಮೂರು ವಾರ, ಮನೆ ತನ್ನದೆನಿಸಲು ಮೂರು ತಿಂಗಳು. ಇದು ವಿಜ್ಞಾನದ ನಿಯಮವಲ್ಲ, ಅವಸರಪಡುವವರ ಕೈ ಕಟ್ಟಿಹಾಕಲು ಒಂದು ಹಗ್ಗ. ನಂಟು ಬೆಳೆಯುವುದಕ್ಕೆ ಅಷ್ಟು ಕಾಲವೂ ಬೇಡ. ಆಶ್ರಯಧಾಮದ ದೊಡ್ಡ ನಾಯಿಗಳ ಜೊತೆ ಒಬ್ಬರೇ ಮನುಷ್ಯರು ಹತ್ತು ಹತ್ತು ನಿಮಿಷದಂತೆ ಮೂರು ಸಲ ಕಳೆದರೆ ಸಾಕು, ಅವು ಆ ವ್ಯಕ್ತಿಯನ್ನು ತಮ್ಮವರೆಂದು ಹಚ್ಚಿಕೊಳ್ಳತೊಡಗುತ್ತವೆ ಎಂದು ಹಂಗೇರಿಯ ಸಂಶೋಧಕರು 2001ರಲ್ಲಿ ತೋರಿಸಿದ್ದರು. ಹಚ್ಚಿಕೊಳ್ಳುವುದು ಬೇಗ, ನೆಲೆಗೊಳ್ಳುವುದು ನಿಧಾನ. ಇವೆರಡನ್ನೂ ಒಂದೇ ಎಂದುಕೊಂಡಾಗಲೇ ‘ಇಷ್ಟು ಪ್ರೀತಿಸುತ್ತದೆ, ಮತ್ತೇಕೆ ಚಪ್ಪಲಿ ಕಡಿಯುತ್ತದೆ’ ಎಂಬ ಪ್ರಶ್ನೆ ಏಳುವುದು.

ಮೊದಲ ತಿಂಗಳು ಕಳೆದ ಮೇಲೆ ಹೊಸ ತೊಂದರೆಗಳು ತಲೆ ಎತ್ತಿದರೆ ನಾಯಿ ಕೆಟ್ಟಿತು ಎಂದುಕೊಳ್ಳಬೇಡಿ. ಅಲ್ಲಿಯವರೆಗೆ ಅತಿಥಿಯಂತೆ ಮುದುಡಿಕೊಂಡಿದ್ದದ್ದು ಈಗ ಮೈ ಬಿಚ್ಚುತ್ತಿದೆ. ಚುಕ್ಕಿ ಮೊದಲ ಸಲ ಬೊಗಳಿದ್ದು ಆರನೆಯ ವಾರದಲ್ಲಿ, ನಾನು ಕೊಡೆ ಬಿಚ್ಚಿದಾಗ. ಅದರ ಹಿಂದೆ ಯಾವ ನೆನಪಿದೆಯೋ, ಸುಮ್ಮನೆ ಬೆಚ್ಚಿತೋ, ತಿಳಿಯುವ ದಾರಿಯಿಲ್ಲ. ಹಿಂದೆ ಯಾರೋ ಹೊಡೆದಿರಬೇಕು ಎಂದು ಕಥೆ ಕಟ್ಟುವುದು ಸುಲಭ. ಕೊಡೆಯನ್ನು ಬಾಗಿಲ ಹೊರಗೆ ಬಿಚ್ಚುವುದು ಅದಕ್ಕಿಂತ ಸುಲಭ.

ಕಳೆದ ತಿಂಗಳು ಎರಡು ದಿನ ಪ್ರಯಾಣ ಹೋಗಬೇಕಾಗಿ ಬಂದಾಗ ಚುಕ್ಕಿಯನ್ನು ಪಕ್ಕದ ಮನೆಯ ಅಕ್ಕನವರಲ್ಲಿ ಬಿಟ್ಟೆ. ಒಂದು ಚೀಟಿ ಬರೆದುಕೊಡು ಎಂದರು. ಬರೆದೆ. ಕೊಡೆ ಕಂಡರೆ ಹೆದರುತ್ತದೆ. ಸ್ಕೂಟರಿಗೆ ಹೆದರುವುದಿಲ್ಲ, ಅದಕ್ಕೇ ಬಾರು ಬಿಗಿಯಾಗಿ ಹಿಡಿಯಿರಿ. ಮಕ್ಕಳು ಓಡಿಬಂದರೆ ನಿಮ್ಮ ಹಿಂದೆ ಬಂದು ನಿಲ್ಲುತ್ತದೆ, ಅಲ್ಲೇ ಇರಲು ಬಿಡಿ. ಮಲಗಿದ್ದಾಗ ಮುಟ್ಟಬೇಡಿ, ಮೊದಲು ಹೆಸರು ಹಿಡಿದು ಕರೆಯಿರಿ, ಒಂದು ಕಣ್ಣು ತೆರೆಯುತ್ತದೆ, ಆಮೇಲೆ ಸವರಬಹುದು.